ಹಳೆಯ ಟೇಪು, ಹಳೆಯ ಊರಿನ ಸದ್ದು

(ಇಳಕಲ್ಲಿನಲ್ಲಿ ಆಸಕ್ತರ ಮುಂದೆ ಆಡಿದ ಮಾತಿನ ಬರಹರೂಪ)



ಹಳೆಯ ‘ಬೂಮ್‌ಬಾಕ್ಸ್’ಗಳನ್ನು ಕೂಡಿಹಾಕಿ ರಿಪೇರಿ ಮಾಡುವ ಹವ್ಯಾಸದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಮೊದಲಿಗೇ ಒಂದು ತಕರಾರು. ಆ ಹೆಸರನ್ನು ನಮ್ಮ ಕಡೆ ಯಾರೂ ಆಡಿದವರಲ್ಲ. ಅಂಗಡಿಯವರಿಗೆ ಅದು ‘ಟೂ ಇನ್ ಒನ್’, ಮನೆಮಂದಿಗೆ ಬರೀ ‘ಟೇಪು’. ಟ್ರಂಕಿನ ಮೇಲೋ ಗೋಡೆಯ ಮಾಡದಲ್ಲೋ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತು. ಹುಡುಗರು ಮುಟ್ಟಿದರೆ ಏಟು ಬೀಳುತ್ತಿತ್ತು.

ಅದರ ವಂಶಾವಳಿ ದೊಡ್ಡದೇನಲ್ಲ. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಪುಟ್ಟ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿತು. ಅದನ್ನು ರೂಪಿಸಿದ ತಂಡದ ಮುಂದಾಳು ಲೂ ಒಟೆನ್ಸ್ 2021ರಲ್ಲಿ ತೀರಿಕೊಂಡರು. 1966ರಲ್ಲಿ ಅದೇ ಕಂಪನಿ ರೇಡಿಯೋವನ್ನೂ ಟೇಪನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿತು. ಮುಂದೆ ಜಪಾನಿನವರು ಅದನ್ನು ದೊಡ್ಡದು ಮಾಡಿದರು, ಎರಡು ಸ್ಪೀಕರು ಇಟ್ಟರು, ಬೆಳ್ಳಿಬಣ್ಣ ಬಳಿದರು. ನ್ಯೂಯಾರ್ಕಿನ ಹುಡುಗರು ಅದನ್ನು ಹೆಗಲ ಮೇಲೆ ಹೊತ್ತು ಬೀದಿ ಸುತ್ತಿದರು. ನಮ್ಮಲ್ಲಿಗೆ ಅದು ಮುಂಬೈಗೆ, ಗೋವೆಗೆ, ಗಲ್ಫಿಗೆ ದುಡಿಯಲು ಹೋದವರ ಕೈಹಿಡಿದು ಬಂತು. ಹೆಗಲಿಗೇರಲಿಲ್ಲ, ಮನೆಯೊಳಗೇ ಉಳಿಯಿತು.

ಸಂಗ್ರಾಹಕರು ಸಾಮಾನ್ಯವಾಗಿ ಮಾತನಾಡುವುದು ಕಂಪನಿ, ಮಾದರಿ, ವ್ಯಾಟು, ಬೆಲೆ ಇವುಗಳ ಬಗ್ಗೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು, ಕೆಂಪು ಗುರುತಿನ ಆ ಗುಂಡಿ. ಅದನ್ನೂ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದರೆ ಎದುರಿಗಿದ್ದವರ ದನಿ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈ ಸೇರಿ, 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶಕ್ಕೆಲ್ಲ ಕೇಳಿಸಿದರು. ಊರಲ್ಲೇ ಉಳಿದು ಬೀಸುವ ಕಲ್ಲಿನ ಮುಂದೆ ಹಾಡಿದ ಹೆಂಗಸರಿಗೆ ಆ ಯೋಗ ಎಲ್ಲಿತ್ತು? ಅದನ್ನು ತಂದುಕೊಟ್ಟದ್ದು ಈ ಪೆಟ್ಟಿಗೆ. ಸೋಬಾನೆ ಪದ, ಶ್ರಾವಣದ ಭಜನೆ, ಗೀಗೀ ಪದ, ಬನಶಂಕರಿ ಜಾತ್ರೆಯಲ್ಲಿ ಬೀಡುಬಿಟ್ಟ ನಾಟಕ ಕಂಪನಿಯ ಮಾತುಗಳು, ಕೂಸಿನ ತೊದಲು, ದೂರದೂರಿಗೆ ಹೋದ ಮಗನಿಗೆ ಕಾಗದದ ಬದಲು ತಾಯಿ ಕಳಿಸಿದ ಮಾತು, ಎಲ್ಲವೂ ಅದರಲ್ಲಿ ಸೇರಿದವು.

ಇಲ್ಲಿ ಯಂತ್ರದ ಒಂದು ಗುಟ್ಟನ್ನು ಹೇಳಬೇಕು. ಇಂಥ ಬಹುತೇಕ ಸೆಟ್ಟುಗಳಲ್ಲಿ ದನಿಯ ಮಟ್ಟವನ್ನು ತಾನಾಗಿಯೇ ಸರಿಮಾಡುವ ಏರ್ಪಾಡಿತ್ತು. ಜೋರಾದ ಸದ್ದು ಬಂದರೆ ಅದು ಮೈಕನ್ನು ಹಿಡಿದೆಳೆಯುತ್ತದೆ. ಸದ್ದು ನಿಂತೊಡನೆ ಸಡಿಲ ಬಿಡುತ್ತದೆ. ಆಗ ದೂರದ ಸಣ್ಣಪುಟ್ಟ ಸದ್ದುಗಳೆಲ್ಲ ಮೇಲೆದ್ದು ಬರುತ್ತವೆ. ಸಂಗೀತ ಬಲ್ಲವರಿಗೆ ಇದು ಕಿರಿಕಿರಿ. ನನಗೆ ಇದೇ ನಿಧಿ. ಹಾಡುವವರು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಹಿತ್ತಲ ಎಮ್ಮೆ, ನೆರೆಮನೆಯ ಕುಣಿಮಗ್ಗ, ಓಣಿಯಲ್ಲಿ ಹೋದ ಚಕ್ಕಡಿ ಎಲ್ಲವೂ ಕೇಳಿಸುತ್ತವೆ. ಯಾರೂ ಉಳಿಸಬೇಕೆಂದು ಉಳಿಸಿದ್ದಲ್ಲ ಅವು.

ಬಾಗಲಕೋಟೆಯವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಮುಂದೆ ಅದರ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗಿತು, ಜನ ನವನಗರಕ್ಕೆ ಬಂದರು. ಮನೆಗೆ ಪರಿಹಾರ ಸಿಕ್ಕಿತು, ಸೈಟು ಸಿಕ್ಕಿತು. ಓಣಿಯ ಸದ್ದಿಗೆ ಪರಿಹಾರ ಕೇಳುವ ಅರ್ಜಿ ಎಲ್ಲಿದೆ? ಬಾಗಲಕೋಟೆಯ ಹೋಳಿಯ ಹಲಗಿ ಇಂದಿಗೂ ಬಾರಿಸುತ್ತದೆ. ಆದರೆ ಇಕ್ಕಟ್ಟಾದ ಹಳೆಯ ಓಣಿಯ ಗೋಡೆಗಳ ನಡುವೆ ಆ ಪೆಟ್ಟು ಮರುದನಿಗೊಟ್ಟ ಬಗೆ ಬೇರೆಯೇ ಇತ್ತು. ಅದು ಈಗ ಇದ್ದರೆ ಯಾರದೋ ಅಟ್ಟದ ಮೇಲಿನ ಕ್ಯಾಸೆಟ್ಟಿನಲ್ಲಿ ಇದ್ದೀತು.

ಇನ್ನು ರಿಪೇರಿಯ ಮಾತು. ಮುಚ್ಚಳ ತೆಗೆದರೆ ಮೊದಲು ಕಾಣುವುದು ಸೆಲ್ಲು ಸೋರಿ ಹಸಿರುಗಟ್ಟಿದ ಸ್ಪ್ರಿಂಗು. ಅದನ್ನು ಉಜ್ಜಿದರಾಯಿತು. ನಿಜವಾದ ಪೀಡೆ ರಬ್ಬರಿನ ಬೆಲ್ಟು. ಅದು ವರ್ಷಗಟ್ಟಲೆ ಸುಮ್ಮನೆ ಕೂತು ಬೆಲ್ಲದ ಪಾಕದಂತೆ ಕರಗಿ ಗಾಲಿಗೆ ಅಂಟಿರುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ತಾಳ್ಮೆಯಿಂದ ಒರೆಸಬೇಕು. ಕೈಗೆ ಹತ್ತಿದ ಕಪ್ಪು ಎರಡು ದಿನ ಹೋಗುವುದಿಲ್ಲ. ಟೇಪನ್ನು ಒತ್ತಿ ನಡೆಸುವ ರಬ್ಬರ್ ರೋಲರು ಗಟ್ಟಿಯಾಗಿದ್ದರೆ ಟೇಪನ್ನೇ ತಿಂದುಬಿಡುತ್ತದೆ, ಅದನ್ನು ಬದಲಿಸಬೇಕು. ಕ್ಯಾಸೆಟ್ಟಿನೊಳಗಿನ ಟೇಪು ತುಂಡಾಗಿದ್ದರೆ ಅದನ್ನು ಕೂಡಿಸುವುದರಲ್ಲಿ ನಿಮ್ಮ ಇಳಕಲ್ಲಿನ ನೇಕಾರರನ್ನು ಮೀರಿಸುವವರಿಲ್ಲ. ಸೆರಗಿನ ಹಾಸಿಗೂ ಒಡಲಿನ ಹಾಸಿಗೂ ತೋಪು-ತೆನಿ ಹಾಕಿ ಬೆಸೆಯುವ ಬೆರಳುಗಳಿಗೆ ನಾಲ್ಕು ಮಿಲಿಮೀಟರೂ ಇಲ್ಲದ ಟೇಪು ಯಾವ ಲೆಕ್ಕ!

ಇಷ್ಟು ಮಾಡಿದ ಮೇಲೂ ಹಾಡು ಕಂಬಳಿ ಹೊದ್ದಂತೆ ಮಂಕಾಗಿ ಕೇಳಿಸಬಹುದು. ಟೇಪು ಸವೆದಿದೆ ಎಂದು ಎಸೆಯುವವರು ಇಲ್ಲೇ ತಪ್ಪುತ್ತಾರೆ. ಟೇಪಿಗೆ ತಾಗುವ ‘ಹೆಡ್’ನ ವಾಲು ಸೆಟ್ಟಿನಿಂದ ಸೆಟ್ಟಿಗೆ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ. ಯಾವ ವಾಲಿನಲ್ಲಿ ರೆಕಾರ್ಡ್ ಆಯಿತೋ ಅದೇ ವಾಲಿನಲ್ಲಿ ಕೇಳಿದರೆ ಮಾತ್ರ ದನಿ ತಿಳಿಯಾಗುತ್ತದೆ. ವೇಗವೂ ಹಾಗೆಯೇ. ಲೆಕ್ಕಕ್ಕೆ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಸೆಲ್ಲು ಇಳಿದಾಗ ರೆಕಾರ್ಡ್ ಮಾಡಿದ್ದನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಅಜ್ಜಿಯ ದನಿ ಮೊಮ್ಮಗಳ ದನಿಯಾಗುತ್ತದೆ. ಹೆಡ್ಡಿನ ಪಕ್ಕದ ಸ್ಕ್ರೂ, ಮೋಟಾರಿನ ಬೆನ್ನಿನ ತೂತಿನೊಳಗಿನ ಸ್ಕ್ರೂ, ಎರಡನ್ನೂ ಒಂದೊಂದು ಕ್ಯಾಸೆಟ್ಟಿಗೂ ಕಿವಿಗೊಟ್ಟು ತಿರುಗಿಸಬೇಕು. ಅಂದರೆ ಮನೆಯ ಸೆಟ್ಟು, ಮನೆಯ ಕ್ಯಾಸೆಟ್ಟು ಎರಡೂ ಒಂದು ಜೋಡಿ. ಗುಜರಿಯಿಂದ ಸೆಟ್ಟನ್ನು ಕೊಂಡು, ಜೊತೆಗೆ ಬಂದ ಕ್ಯಾಸೆಟ್ಟುಗಳನ್ನು ತಿಪ್ಪೆಗೆ ಹಾಕಿ, ಹೊರಮೈಗೆ ಪಾಲಿಶ್ ಹೊಡೆದು ಷೋಕೇಸಿನಲ್ಲಿಡುವ ಹವ್ಯಾಸಿಗಳ ಮೇಲೆ ನನಗಿರುವ ಸಿಟ್ಟು ಇದಕ್ಕೇ.

ಬೇರೆಯವರನ್ನು ಬೈದೆ, ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಸೆಟ್ಟು ರಿಪೇರಿಯಾದ ಖುಷಿಯಲ್ಲಿ ನಾನು ಹಾಕಿದ್ದು ನಮ್ಮ ಸೋದರತ್ತೆಯ ಸೋಬಾನೆ ಪದದ ಕ್ಯಾಸೆಟ್ಟು. ಒಳಗೆ ರೆಕಾರ್ಡಿನ ಸನ್ನೆ ಸಿಕ್ಕಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಅಳಿಸುವ ಕೆಲಸಕ್ಕೆ ಒಂದು ತುಣುಕು ಅಯಸ್ಕಾಂತವನ್ನೇ ಇಟ್ಟಿರುತ್ತಾರೆ, ಅದು ಟೇಪಿಗೆ ತಾಗಿದರೆ ಮುಗಿಯಿತು. ದನಿ ಯಾಕೆ ಬರುತ್ತಿಲ್ಲವೆಂದು ನಾನು ವೈರು ಹುಡುಕುತ್ತ ಕೂತೆ. ಅಷ್ಟರಲ್ಲಿ ಒಂದು ಇಡೀ ಪದ ಹೋಯಿತು. ಅತ್ತೆ ಆಗಲೇ ತೀರಿಹೋಗಿದ್ದಳು. ಹುನಗುಂದದ ಮೆಕ್ಯಾನಿಕ್ಕರೊಬ್ಬರು ಕೇಳಿ, “ಸರ, ಮೊದ್ಲ ಸತ್ತ ಕ್ಯಾಸೆಟ್ ಹಾಕಿ ನೋಡಬೇಕ್ರಿ, ಜೀವ ಇದ್ದದ್ದು ಆಮ್ಯಾಲ” ಅಂದರು. ಕ್ಯಾಸೆಟ್ಟಿನ ಬೆನ್ನಿನ ಎರಡು ಚಿಕ್ಕ ಪ್ಲಾಸ್ಟಿಕ್ ಕಿವಿಗಳನ್ನು ಮುರಿದಿಟ್ಟರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ತಾವು ಇವತ್ತೇ ಮನೆಗೆ ಹೋಗಿ ಮುರಿಯಿರಿ. ಆಮೇಲೆ ಒಮ್ಮೆ ಸರಿಯಾಗಿ ಹಾಕಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೂಲ ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ.

ಈಚೆಗೆ ಹೋಳಿಯ ಹಲಗಿಯದೊಂದು ಕ್ಯಾಸೆಟ್ಟು ಕೈಗೆ ಬಂತು. ಇಳಿಸಿಕೊಂಡು ನವನಗರದ ಹಿರಿಯರೊಬ್ಬರ ಮನೆಗೆ ಒಯ್ದೆ. ಹಲಗಿ ಕೇಳಿ ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ತಲೆದೂಗುತ್ತ ಸುಮ್ಮನೆ ಕೂತಿದ್ದರು. ಒಂದು ಮಜಲು ಮುಗಿದು ಹಲಗಿ ನಿಂತಿತು, ಮೈಕು ಸಡಿಲವಾಗಿ ದೂರದಿಂದ ಟುಕ್ ಟುಕ್ ಎಂಬ ಸದ್ದೊಂದು ಮೇಲೆದ್ದಿತು. ಅವರು ತಟ್ಟನೆ ಕೈ ಎತ್ತಿದರು. “ತಡಿ ತಮ್ಮಾ, ಹಿಂದಕ್ಕ ಬಿಡು. ಅದು ನಮ್ಮ ಓಣಿ ಹಿಟ್ಟಿನ ಗಿರಣಿ.” ಮೂರು ಸಲ ಹಿಂದಕ್ಕೆ ಬಿಟ್ಟೆ. ನಾಲ್ಕನೆಯ ಸಲ ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದರು.