ನೀರಾಟಕ್ಕೊಂದು ಕಥೆ

ಮಹಾಕಾವ್ಯವೆಂದ ಮೇಲೆ ಅದರಲ್ಲಿ ಹದಿನೆಂಟು ಬಗೆಯ ವರ್ಣನೆಗಳಿರಬೇಕು ಎಂಬುದು ಹಳಗನ್ನಡದ ಕವಿಗಳು ಒಪ್ಪಿಕೊಂಡಿದ್ದ ಸಂಪ್ರದಾಯ. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯಗಳ ಜೊತೆಗೆ ಜಲಕ್ರೀಡೆಯೂ ಆ ಪಟ್ಟಿಯಲ್ಲಿದೆ. ಆದರೆ ಕಾವ್ಯದಲ್ಲಿ ಜಲಕ್ರೀಡೆ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಮೊದಲು ವನವಿಹಾರ. ಹೂ ಕೊಯ್ದು, ಬಿಸಿಲಿಗೆ ಬಾಡಿ, ದಣಿದವರು ಆಮೇಲೆ ಕೊಳಕ್ಕೆ ಇಳಿಯುತ್ತಾರೆ. ನೀರಿಗಿಳಿಯಲು ಬೇಕಾದ ನೆಪವನ್ನು ಕವಿ ಮೊದಲೇ ಸಿದ್ಧಪಡಿಸಿರುತ್ತಾನೆ. ಇಂದಿನ ವಾಟರ್ ಪಾರ್ಕುಗಳಲ್ಲಿ ಒಂದು ಇನ್ನೊಂದಕ್ಕಿಂತ ಭಿನ್ನವಾಗಿ ಕಾಣುವುದು ಯಾವುದರಿಂದ ಎಂದು ಕೇಳಿದರೆ, ಉತ್ತರ ಈ ನೆಪದಲ್ಲೇ ಇದೆ.

ಇದಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ ಆರ್ಲೆಂಡೊ ನಗರ ಒಳ್ಳೆಯ ಉದಾಹರಣೆ. ಅಲ್ಲಿ 1976ರಲ್ಲಿ ಡಿಸ್ನಿ ಸಂಸ್ಥೆ 'ರಿವರ್ ಕಂಟ್ರಿ' ಎಂಬ ಜಲಕ್ರೀಡಾ ತಾಣವನ್ನು ತೆರೆಯಿತು. ಹಳ್ಳಿಯ ಹುಡುಗರು ಬಂಡೆಯ ಮೇಲಿಂದ ಹೊಳೆಯ ಮಡುವಿಗೆ ಧುಮುಕುವ ಹಳೆಯ ಕಾಲದ ನೋಟವನ್ನು ಅದು ಮರುಸೃಷ್ಟಿಸಿತ್ತು. ಮರುವರ್ಷವೇ ಜಾರ್ಜ್ ಮಿಲೇ ಎಂಬ ಉದ್ಯಮಿ ಅದೇ ಊರಿನಲ್ಲಿ 'ವೆಟ್ ಎನ್ ವೈಲ್ಡ್' ಆರಂಭಿಸಿದರು. 'ಸೀ ವರ್ಲ್ಡ್' ಸ್ಥಾಪಕರಲ್ಲಿ ಒಬ್ಬರಾಗಿದ್ದ ಮಿಲೇ ಅವರನ್ನು ಇಂದಿನ ಮಾದರಿಯ ವಾಟರ್ ಪಾರ್ಕಿನ ಜನಕ ಎನ್ನುತ್ತಾರೆ. ಅವರ ಪಾರ್ಕಿನಲ್ಲಿ ಕಥೆಯಿರಲಿಲ್ಲ. ಜಾರುಬಂಡೆಗಳಿದ್ದವು, ಕೃತಕ ಅಲೆಗಳ ಕೊಳವಿತ್ತು. ಬಂದವರು ಆಡಿ ಹೋಗುತ್ತಿದ್ದರು. ಹೀಗೆ ಆರಂಭದಲ್ಲೇ ಎರಡು ದಾರಿಗಳು ಕವಲೊಡೆದವು.

ಕಥೆಯಿಲ್ಲದ ದಾರಿಗೆ ಒಂದು ತೊಡಕಿದೆ. ಜಾರುಬಂಡೆಗಳು ಫೈಬರ್‌ಗ್ಲಾಸಿನ ತುಂಡುಗಳನ್ನು ಜೋಡಿಸಿ ಮಾಡಿದವು. ಕೆನಡಾದ ಪ್ರೋಸ್ಲೈಡ್, ವೈಟ್‌ವಾಟರ್ ಮೊದಲಾದ ಕೆಲವೇ ಕಂಪನಿಗಳು ಅವನ್ನು ಲೋಕಕ್ಕೆಲ್ಲ ಮಾರುತ್ತವೆ. ಹಣವಿದ್ದವರು ಯಾರಾದರೂ ಕೊಳ್ಳಬಹುದು. ಈ ವರ್ಷ ಒಬ್ಬರು ತಂದ ಆಟ ಮುಂದಿನ ಬೇಸಿಗೆಗೆ ಎದುರಾಳಿಯ ಅಂಗಳದಲ್ಲೂ ಇರುತ್ತದೆ. ಆಗ ಪೈಪೋಟಿಗೆ ಉಳಿಯುವುದು ಒಂದೇ: ಇನ್ನಷ್ಟು ಎತ್ತರ, ಇನ್ನಷ್ಟು ವೇಗ.

ಈ ಓಟ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕ್ಯಾನ್ಸಸ್ ಸಿಟಿಯ ಒಂದು ಪಾರ್ಕು ತೋರಿಸಿತು. 2014ರಲ್ಲಿ ಅಲ್ಲಿ ಸುಮಾರು 51 ಮೀಟರ್ ಎತ್ತರದ ಜಾರುಬಂಡೆ ಎದ್ದು ನಿಂತಿತು. ಲೋಕದಲ್ಲೇ ಅತಿ ಎತ್ತರದ್ದು ಎಂಬ ದಾಖಲೆಯೂ ಅದಕ್ಕೆ ಸಿಕ್ಕಿತು. ಅದಕ್ಕಿಟ್ಟ ಹೆಸರು 'ವೆರ್ರುಕ್ಟ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಹುಚ್ಚು. 2016ರ ಆಗಸ್ಟಿನಲ್ಲಿ ಅದರಲ್ಲಿ ಜಾರುತ್ತಿದ್ದ ಹತ್ತು ವರ್ಷದ ಬಾಲಕನೊಬ್ಬ ಸತ್ತ. ಅಂದೇ ನಿಂತ ಆಟ ಮತ್ತೆ ಆರಂಭವಾಗಲಿಲ್ಲ. 2018ರಲ್ಲಿ ಜಾರುಬಂಡೆಯನ್ನೇ ಕಳಚಿ ಹಾಕಿದರು. ಎತ್ತರವನ್ನೇ ಬಂಡವಾಳ ಮಾಡಿಕೊಂಡವರಿಗೆ ನಿಲ್ಲಬೇಕಾದ ಜಾಗ ಯಾವುದೆಂದು ಹೇಳುವವರು ಯಾರೂ ಇರುವುದಿಲ್ಲ.

ಇನ್ನೊಂದು ದಾರಿಯನ್ನು ನೋಡೋಣ. ಆರ್ಲೆಂಡೊದಲ್ಲಿ ಡಿಸ್ನಿ 1989ರಲ್ಲಿ 'ಟೈಫೂನ್ ಲಗೂನ್' ತೆರೆಯಿತು. ಭಾರಿ ಚಂಡಮಾರುತವೊಂದು ಊರನ್ನೆಲ್ಲ ಬುಡಮೇಲು ಮಾಡಿದೆ ಎಂಬುದು ಅಲ್ಲಿನ ಕಥೆ. ಸೀಗಡಿ ಹಿಡಿಯುವ 'ಮಿಸ್ ಟಿಲ್ಲಿ' ಎಂಬ ದೋಣಿ ಬೆಟ್ಟದ ತುದಿಗೆ ಸಿಕ್ಕಿಕೊಂಡಿದೆ. ಅದನ್ನು ಕೆಳಗಿಳಿಸಲು ಬೆಟ್ಟವೇ ಪ್ರಯತ್ನಿಸುತ್ತಿದೆಯೋ ಎಂಬಂತೆ ಆಗಾಗ ಶಿಖರದಿಂದ ನೀರು ಚಿಮ್ಮುತ್ತದೆ. ಕೊಳದಲ್ಲಿ ಏಕೆ ಅಲೆಯೇಳುತ್ತದೆ, ದಡದಲ್ಲಿ ಮುರುಕು ಹಲಗೆಗಳು ಏಕೆ ಬಿದ್ದಿವೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಆ ದೋಣಿಯೇ ಎಲ್ಲವನ್ನೂ ಹೇಳುತ್ತದೆ.

1995ರ ಏಪ್ರಿಲ್ 1ರಂದು ಬಾಗಿಲು ತೆರೆದ 'ಬ್ಲಿಝಾರ್ಡ್ ಬೀಚ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉರಿಬಿಸಿಲಿನ ಫ್ಲಾರಿಡಾದಲ್ಲಿ ಅಕಾಲದಲ್ಲಿ ಹಿಮ ಬಿದ್ದಿತಂತೆ. ಆಸೆಬುರುಕರು ಅವಸರದಲ್ಲಿ ಹಿಮದ ಮೇಲೆ ಜಾರುವ ಸ್ಕೀ ತಾಣವೊಂದನ್ನು ಕಟ್ಟಿದರಂತೆ. ಮತ್ತೆ ಬಿಸಿಲು ಬಂತು, ಹಿಮವೆಲ್ಲ ಕರಗಿ ನೀರಾಯಿತು. ಕೈ ಹೊತ್ತು ಕುಳಿತಿದ್ದಾಗ ಮೊಸಳೆಯೊಂದು ಆ ಇಳಿಜಾರಿನಲ್ಲಿ ಜಾರುತ್ತ ಬಂದು ಹೊಸ ಆಟವನ್ನು ತೋರಿಸಿಕೊಟ್ಟಿತಂತೆ! ಏಪ್ರಿಲ್ ಫೂಲ್ ದಿನಕ್ಕೆ ತಕ್ಕ ಕಥೆಯೇ ಸರಿ. ಆದರೆ ಈ ತಮಾಷೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಸುಮಾರು 36 ಮೀಟರ್ ಎತ್ತರದ ಕಡಿದಾದ ಜಾರುಬಂಡೆ ಅಲ್ಲಿ ಸ್ಕೀ ಜಿಗಿತದ ಕಟ್ಟೆಯಾಯಿತು. ಬೆಟ್ಟ ಹತ್ತಿಸಲು ತಂತಿಯ ಮೇಲೆ ಸಾಗುವ ತೂಗುಕುರ್ಚಿಗಳು ಬಂದವು. ಅಲೆಗಳ ಕೊಳಕ್ಕೆ ಕರಗಿದ ಹಿಮದ ಕೊಲ್ಲಿ ಎಂಬ ಅರ್ಥದ ಹೆಸರು ಬಂತು. ಬೇರೆ ಕಡೆ ಬರೀ ಜಾರುಬಂಡೆಯಾಗಿ ಕಾಣುವುದು ಇಲ್ಲಿ ಕಥೆಯ ಒಂದು ಪುಟವಾಗುತ್ತದೆ.

ಇದರ ಮರ್ಮ ಸರಳ. ಜಾರುವುದು ಕೆಲವೇ ಸೆಕೆಂಡುಗಳ ಮಾತು. ಉಳಿದ ಹೊತ್ತೆಲ್ಲ ಒದ್ದೆ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಮೆಟ್ಟಿಲು ಹತ್ತುವುದು, ಸರದಿಗಾಗಿ ಕಾಯುವುದು. ಟಿಕೆಟ್ ಕೊಂಡವರು ದಿನದ ಬಹುಪಾಲನ್ನು ಕಳೆಯುವುದು ಸಾಲಿನಲ್ಲಿ. ಒಳ್ಳೆಯ ಪಾರ್ಕು ಆ ಸಾಲನ್ನೇ ಆಟದ ಒಂದು ಭಾಗವಾಗಿಸುತ್ತದೆ. ಇನ್ನೂ ಜಾಣ ಪಾರ್ಕು ಸಾಲನ್ನೇ ಕಡಿಮೆ ಮಾಡಲು ನೋಡುತ್ತದೆ. 2017ರ ಮೇ 25ರಂದು ಯೂನಿವರ್ಸಲ್ ಸಂಸ್ಥೆ ಆರ್ಲೆಂಡೊದಲ್ಲಿ ತೆರೆದ 'ವಾಲ್ಕೆನೊ ಬೇ'ಯಲ್ಲಿ ಬಂದವರ ಕೈಗೆ ಒಂದು ಪಟ್ಟಿ ಕಟ್ಟಿದರು. ಆಟದ ಬಳಿ ಅದನ್ನು ಮುಟ್ಟಿಸಿ ಹೆಸರು ಬರೆಸಿಕೊಂಡು ಬೇರೆಡೆ ತಿರುಗಾಡಬಹುದು. ಸರದಿ ಬಂದಾಗ ಪಟ್ಟಿಯೇ ಕರೆಯುತ್ತದೆ.

ಇದೇ ಯೂನಿವರ್ಸಲ್ ಒಡೆತನಕ್ಕೆ ಬಂದಿದ್ದ ಮಿಲೇ ಅವರ 'ವೆಟ್ ಎನ್ ವೈಲ್ಡ್' 2016ರ ಡಿಸೆಂಬರ್ 31ರಂದು ಮುಚ್ಚಿತು. ಜನ ಬಾರದೆ ಮುಚ್ಚಿದ್ದಲ್ಲ. ಕೊನೆಯ ವರ್ಷಗಳಲ್ಲೂ ಅದು ಅಮೆರಿಕದಲ್ಲಿ ಹೆಚ್ಚು ಜನ ಸೇರುವ ವಾಟರ್ ಪಾರ್ಕುಗಳಲ್ಲಿ ಒಂದಾಗಿತ್ತು. ಆದರೂ ಒಡೆಯರು ಕಥೆಯಿರುವ ಹೊಸ ಪಾರ್ಕಿನ ಕಡೆ ತಿರುಗಿದರು. ಹಾಗೆಂದು ಕಥೆಯೊಂದಿದ್ದರೆ ಎಲ್ಲವೂ ಸಾಗುತ್ತದೆ ಎನ್ನುವಂತಿಲ್ಲ. ಕಥೆಯಿದ್ದ 'ರಿವರ್ ಕಂಟ್ರಿ' 2001ರಲ್ಲೇ ಮುಚ್ಚಿಹೋಗಿತ್ತು. ತನ್ನದೇ ಮನೆತನದ ಎರಡು ದೊಡ್ಡ ಪಾರ್ಕುಗಳ ಪಕ್ಕದಲ್ಲಿ ಅದು ತೀರ ಚಿಕ್ಕದಾಗಿತ್ತು.

ಕಥೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಉಳಿಯುತ್ತದೆ. 'ವಾಲ್ಕೆನೊ ಬೇ'ಯ ನಡುವೆ ಸುಮಾರು 60 ಮೀಟರ್ ಎತ್ತರದ ಕೃತಕ ಜ್ವಾಲಾಮುಖಿಯಿದೆ. ಅದರ ಬುಡದಲ್ಲೇ ಅಲೆಗಳ ಕೊಳ. ವಟೂರಿ ಎಂಬ ಕಾಲ್ಪನಿಕ ದ್ವೀಪವಾಸಿಗಳ ನಾಡು ಅದೆಂದು ಕಥೆ ಹೇಳುತ್ತದೆ. ಜನ ಕಾಲ್ಪನಿಕರು, ಸರಿ. ಆದರೆ ಜ್ವಾಲಾಮುಖಿಗೆ ಇಟ್ಟ ಹೆಸರು ಕ್ರಾಕಟಾವ್. ಇಂಡೊನೇಷ್ಯದ ನಿಜವಾದ ಕ್ರಾಕಟಾವ್ 1883ರ ಆಗಸ್ಟಿನಲ್ಲಿ ಸಿಡಿದಾಗ 36,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಸಮುದ್ರದಿಂದೆದ್ದ ಅಲೆಗಳು. ಆ ಹೆಸರಿನ ಬೆಟ್ಟದ ಕೆಳಗೆ ಅಲೆಯಾಟ ಎಂದರೆ ಜಾವಾ, ಸುಮಾತ್ರಾ ಕರಾವಳಿಯವರಿಗೆ ಹೇಗೆ ಕೇಳಿಸಬಹುದು ಎಂಬುದನ್ನು ಯೋಚಿಸಬೇಕು.

ಇದರೊಡನೆ ದುಬೈಯ 'ವೈಲ್ಡ್ ವಾಡಿ'ಯನ್ನು ಹೋಲಿಸಿ ನೋಡಬಹುದು. 1999ರಲ್ಲಿ ಆರಂಭವಾದ ಆ ಪಾರ್ಕಿನ ನಾಯಕ ಜುಹಾ. ಅರಬ್ಬರ ಮನೆಮನೆಯಲ್ಲಿ ಮಕ್ಕಳನ್ನು ನಗಿಸಿದ ಜನಪದ ಪಾತ್ರ ಅದು. ನಮ್ಮವರಿಗೆ ಪರಿಚಿತನಾದ ಮುಲ್ಲಾ ನಸ್ರುದ್ದೀನನ ದಾಯಾದಿ ಎನ್ನಬಹುದು. 'ವಾಡಿ' ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಮರುಭೂಮಿಯ ಹಳ್ಳ. ನೀರೇ ಅಪರೂಪವಾದ ನಾಡಿನಲ್ಲಿ ನೀರಾಟಕ್ಕೆ ಇದಕ್ಕಿಂತ ಸಹಜವಾದ ಹೆಸರು ಸಿಗುವುದು ಕಷ್ಟ. ಅಲ್ಲಿ ಕಥೆ ನೆಲದಿಂದಲೇ ಎದ್ದು ಬಂದಿದೆ.

ವಾಟರ್ ಪಾರ್ಕು ಈಗ ಕರ್ನಾಟಕಕ್ಕೂ ಹೊಸದಲ್ಲ. ಬಿಡದಿಯ ಬಳಿ 'ವಂಡರ್‌ಲಾ' ಆರಂಭವಾದದ್ದು 2005ರಲ್ಲಿ. ಇಂಥ ಜಾಗಗಳಿಗೆ ಮಕ್ಕಳನ್ನು ಕರೆದೊಯ್ಯುವ ಹಿರಿಯರು ಸಾಮಾನ್ಯವಾಗಿ ಕೇಳುವುದು ಎಷ್ಟು ಆಟಗಳಿವೆ, ಯಾವುದು ಎತ್ತರದ್ದು ಎಂದು. ಸಾಲಿನಲ್ಲಿ ನಿಂತಾಗ ಇನ್ನೆರಡು ಪ್ರಶ್ನೆಗಳನ್ನೂ ಕೇಳಿಕೊಳ್ಳಬಹುದು: ಇಲ್ಲಿ ಈ ನೀರು ಏಕೆ ಬಂತು? ಆ ಕಥೆ ಯಾರದು? ಎರಡಕ್ಕೂ ನೇರವಾದ ಉತ್ತರ ಕೊಡುವ ಪಾರ್ಕು ಪಕ್ಕದ ಊರಿನಲ್ಲಿ ಇನ್ನೂ ಎತ್ತರದ ಜಾರುಬಂಡೆ ಬಂದ ಮೇಲೂ ನೆನಪಿನಲ್ಲಿ ಉಳಿಯುತ್ತದೆ.