ಕಷಾಯವೂ ಮಾತ್ರೆಯೂ ಒಂದೇ ಚೀಟಿಯಲ್ಲಿ

(ಮೂಡುಬಿದಿರೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತಿನ ಬರಹರೂಪ)



ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕಷಾಯ ಕುಡಿಯದವರು ಈ ಸಭೆಯಲ್ಲಿ ಕಡಿಮೆ ಇರಬಹುದು. ಬಂಟ್ವಾಳವಾಗಲಿ, ಬೆಳ್ತಂಗಡಿಯಾಗಲಿ ಕ್ರಮ ಒಂದೇ. ಬೆಳಕು ಹರಿಯುವ ಮೊದಲು ಹೋಗಬೇಕು, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆಯಬೇಕು, ರಸಕ್ಕೆ ಕಾದ ಬೆಣಚುಕಲ್ಲು ಹಾಕಬೇಕು, ಕುಡಿದ ಮೇಲೆ ಮೆಂತೆ ಗಂಜಿ. ಈ ಮರದ ಸಸ್ಯಶಾಸ್ತ್ರೀಯ ಹೆಸರು ಆಲ್‌ಸ್ಟೋನಿಯಾ ಸ್ಕೊಲಾರಿಸ್. ಚಾರ್ಲ್ಸ್ ಆಲ್‌ಸ್ಟನ್ ಎಂಬವರು 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕರು. ನಮ್ಮ ಗುಡ್ಡದ ಮರಕ್ಕೆ ಅವರ ಹೆಸರು ಅಂಟಿಕೊಂಡಿದೆ. ನಮ್ಮ ಮದ್ದಿಗೂ ಪಶ್ಚಿಮಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ ಎನ್ನಲು ಇದನ್ನು ಹೇಳಿದೆ.

ಆ ನಂಟು ಹೇಗೆ ಬೆಳೆಯಿತು ಎಂಬುದಕ್ಕೆ ಸರ್ಪಗಂಧದ ಕತೆ ನೋಡಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಬೇರು ರಕ್ತದೊತ್ತಡ ಮತ್ತು ಬುದ್ಧಿಭ್ರಮಣೆಗೆ ಆಗುತ್ತದೆಂದು ಬರೆದರು. ಸೇನ್ ಅವರು ಕವಿರಾಜರೂ ಹೌದು, ಇಂಗ್ಲಿಷ್ ವೈದ್ಯ ಓದಿದವರೂ ಹೌದು. ಹೊರಗಿನವರು ಗಮನ ಕೊಟ್ಟದ್ದು 1949ರಲ್ಲಿ, ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದ ಮೇಲೆ. 1952ರಲ್ಲಿ ಸ್ವಿಜರ್ಲೆಂಡಿನ ಸೀಬಾ ಕಂಪೆನಿಯವರು ಬೇರಿನಿಂದ ರಿಸರ್ಪಿನ್ ಎಂಬ ಒಂದು ಅಂಶವನ್ನು ಬೇರ್ಪಡಿಸಿದರು. ಅದು ಲೋಕವೆಲ್ಲ ಹರಡಿತು, ಕೆಲವು ರೋಗಿಗಳಲ್ಲಿ ಖಿನ್ನತೆ ತರುತ್ತದೆಂಬ ಹೆದರಿಕೆಯಿಂದ ಹಿಂದೆಯೂ ಸರಿಯಿತು. ಗಿಡವನ್ನು ತೆಗೆದುಕೊಂಡರು, ವೈದ್ಯನನ್ನು ಬಿಟ್ಟರು. ಇದು ತಪ್ಪೆಂದು ನಾನು ಹೇಳಲಾರೆ, ಎಷ್ಟೋ ಜೀವ ಉಳಿದಿದೆ. ಆದರೆ ಇದನ್ನು ಸಮನ್ವಯ ಎನ್ನಲಾಗದು.

ಆಮೇಲೆ ಬಂದದ್ದು ಅಂಗಡಿ. ಅಮೆರಿಕದ ಸರಕಾರ 1992ರಲ್ಲಿ ಬದಲಿ ಚಿಕಿತ್ಸೆಗಳ ಸಂಶೋಧನೆಗೆಂದೇ ಒಂದು ಕಚೇರಿ ತೆರೆಯಿತು. ಅಷ್ಟರಲ್ಲಿ ಆಯುರ್ವೇದದ ಡಬ್ಬಿಗಳು ಅಲ್ಲಿನ ಕಪಾಟು ಹತ್ತಿಯಾಗಿತ್ತು. ಡಾ. ರಾಬರ್ಟ್ ಸೇಪರ್ ಮತ್ತು ಜತೆಯವರು ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ 70 ತಯಾರಿಕೆಗಳನ್ನು ಕೊಂಡು ಪರೀಕ್ಷೆ ಮಾಡಿದರು. 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಸಿಕ್ಕಿತು. ಇದು 2004ರ ವರದಿ. 2008ರಲ್ಲಿ 193 ಮಾದರಿ ನೋಡಿದಾಗಲೂ ಹೆಚ್ಚುಕಡಿಮೆ ಐದರಲ್ಲಿ ಒಂದು ಹಾಗೆಯೇ ಇತ್ತು. ಅಮೆರಿಕದಲ್ಲೇ ತಯಾರಾದವೂ ಇದಕ್ಕೆ ಹೊರತಾಗಿರಲಿಲ್ಲ ಎಂಬುದನ್ನು ನಮ್ಮವರು ಸಮಾಧಾನಕ್ಕೆ ಹೇಳಿಕೊಳ್ಳುತ್ತಾರೆ. ಸೀಸ ಹೊಟ್ಟೆಗೆ ಹೋದವನಿಗೆ ಅದರಿಂದ ಏನು ಸಮಾಧಾನ?

ಯುರೋಪಿನವರು ಕಾನೂನು ಮಾಡಿದರು. ಪಾರಂಪರಿಕ ಗಿಡಮೂಲಿಕೆ ಮದ್ದೆಂದು ಸರಳವಾಗಿ ನೋಂದಣಿ ಆಗಬೇಕಾದರೆ 30 ವರ್ಷದ ಬಳಕೆ ತೋರಿಸಬೇಕು, ಅದರಲ್ಲಿ 15 ವರ್ಷ ಯುರೋಪಿನ ಒಕ್ಕೂಟದೊಳಗೇ ಆಗಿರಬೇಕು. 2004ರ ಈ ನಿಯಮ 2011ರಿಂದ ಪೂರ್ತಿ ಜಾರಿಗೆ ಬಂತು. ಅಜ್ಜನ ಕಾಲದಿಂದ ಬಂದದ್ದು ಎಂಬ ನಮ್ಮ ಮಾತು ಅಲ್ಲಿ ಅರ್ಧ ಮಾತ್ರ ನಡೆಯುತ್ತದೆ.

ಇಷ್ಟೆಲ್ಲ ಆದರೂ ಎರಡು ವೈದ್ಯ ಪದ್ಧತಿಗಳನ್ನು ದಿನವೂ ಬೆರೆಸುತ್ತಿರುವವರು ಬೇರೆಯೇ ಇದ್ದಾರೆ. ಅವರು ರೋಗಿಗಳು. ಬೆಳ್ತಂಗಡಿ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಡಾಕ್ಟ್ರ ಮಾತ್ರೆ, ಜತೆಗೆ ಪಂಡಿತರು ಕೊಟ್ಟ ಮಧುನಾಶಿನಿ ಚೂರ್ಣ, ಮೇಲಿಂದ ಯಾರೋ ಹೇಳಿದ ಹಾಗಲಕಾಯಿ ರಸ. ಒಂದು ದಿನ ಬೆವತು ಅಂಗಳದಲ್ಲಿ ಬಿದ್ದರು. ಸಕ್ಕರೆ ತೀರ ಇಳಿದಿತ್ತು. ಆಸ್ಪತ್ರೆಯಲ್ಲಿ, "ಬೇರೆ ಮದ್ದು ತಿಂತೀರಾ ಅಜ್ಜಿ?" ಎಂದು ಕೇಳಿದರು. "ಇಲ್ಲಪ್ಪ" ಎಂದರು ಅಜ್ಜಿ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದ್ದು, "ಹೇಳಿದರೆ ಬೈತಾರೆ ಮಗಾ." ಪಂಡಿತರಂತೂ ಮಾತ್ರೆಯ ವಿಷಯ ಕೇಳಿಯೇ ಇರಲಿಲ್ಲ. ಮೂಡುಬಿದಿರೆಯಲ್ಲಿ ಆಯುರ್ವೇದ ಕಾಲೇಜಿದೆ, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜಿದೆ, ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳಿವೆ. ಇವುಗಳ ನಡುವೆ ಓಡಾಡುವ ಸುದ್ದಿವಾಹಕರು ಅಜ್ಜಿಯಂಥವರು, ಅವರೂ ಬಾಯಿ ಬಿಡುವುದಿಲ್ಲ.

ಬೇರೆ ದಾರಿ ಇದೆಯೇ ಎಂದು ಕೇಳುವವರು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿ ಚರ್ಮರೋಗ ತಜ್ಞ ಡಾ. ಎಸ್. ಆರ್. ನರಹರಿ ಅವರು 1999ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ ಕಟ್ಟಿದರು. ಹಿಡಿದದ್ದು ಆನೆಕಾಲು ರೋಗವನ್ನು. ಸೊಳ್ಳೆಯಿಂದ ಬರುವ ಹುಳ ದುಗ್ಧರಸದ ನಾಳಗಳನ್ನು ಕೆಡಿಸುತ್ತದೆ, ಕಾಲು ಬಾತುಕೊಳ್ಳುತ್ತದೆ. ಹುಳ ಸತ್ತರೂ ಬಾವು ಹೋಗುವುದಿಲ್ಲ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಮತ್ತೆ ಮತ್ತೆ ಜ್ವರ ಬರುತ್ತದೆ, ಪ್ರತಿ ಜ್ವರಕ್ಕೂ ಕಾಲು ಇನ್ನಷ್ಟು ದಪ್ಪ. ಚಪ್ಪಲಿ ಹಿಡಿಸದು, ಕೆಲಸಕ್ಕೆ ಯಾರೂ ಕರೆಯರು, ಮದುವೆಮನೆಗೆ ಹೋಗಲು ನಾಚಿಕೆ.

ಅಲ್ಲಿನ ಕ್ರಮ ಹೀಗೆ. ರೋಗ ಯಾವುದೆಂದು ತೀರ್ಮಾನಿಸುವುದು, ಸೋಂಕಿಗೆ ಮದ್ದು ಕೊಡುವುದು ಇಂಗ್ಲಿಷ್ ವೈದ್ಯ. ಮೊದಲು ಸೋಪು ಹಾಕಿ ತೊಳೆದು ಸಂದಿ ಸಂದಿ ಒರೆಸಬೇಕು. ಬಳಿಕ ಫಾಂಟವೆಂಬ ಮೂಲಿಕೆ ನೀರಿನಲ್ಲಿ ಕಾಲು ನೆನೆಸಬೇಕು. ಇದು ಆಯುರ್ವೇದದ್ದು. ಉಸಿರಾಟ, ಆಸನಗಳು ಯೋಗದಿಂದ. ಎಣ್ಣೆ ಹಚ್ಚಿ ಮೇಲ್ಮುಖವಾಗಿ ತಿಕ್ಕಬೇಕು. ಕೊನೆಗೆ ಬಿಗಿಯಾದ ಬ್ಯಾಂಡೇಜು, ಇದು ಮತ್ತೆ ಪಶ್ಚಿಮದ್ದು. ಹಗ್ಗದ ಎಳೆಗಳಂತೆ ಒಂದರ ಮೇಲೊಂದು. ಮುಖ್ಯವಾದದ್ದು, ಇದನ್ನೆಲ್ಲ ಮನೆಯವರಿಗೆ ಕಲಿಸಿ ಕಳಿಸುತ್ತಾರೆ. ಆಕ್ಸ್‌ಫರ್ಡಿನ ಚರ್ಮರೋಗ ಪ್ರಾಧ್ಯಾಪಕ ಟೆರೆನ್ಸ್ ರಾಯನ್ ಇವರ ಜತೆ ಸೇರಿದರು, ಲೇಖನಗಳಿಗೆ ಹೆಸರು ಕೊಟ್ಟರು. ಆಲಪ್ಪುಳ ಮತ್ತು ನಮ್ಮ ಗುಲ್ಬರ್ಗ, ಅಂದರೆ ಈಗಿನ ಕಲಬುರಗಿ, ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ನಡೆಸಿದ ವರದಿ 2013ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಆ್ಯಂಡ್ ಹೈಜೀನ್ ಪತ್ರಿಕೆಯಲ್ಲಿ ಬಂತು. ಬಾವು ಇಳಿಯಿತು. ಆದರೆ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸಿದ ಪರೀಕ್ಷೆ ಅದಲ್ಲ, ಹಾಗೆಂದು ಅವರೇ ತಲೆಬರಹದಲ್ಲಿ ಬರೆದುಕೊಂಡಿದ್ದಾರೆ. ನನಗೆ ಮೆಚ್ಚುಗೆಯಾದದ್ದು ಅದೇ.

ಅಂಥ ಹೋಲಿಕೆ ಆಯುರ್ವೇದಕ್ಕೆ ಆಗದು, ಒಬ್ಬೊಬ್ಬನ ಪ್ರಕೃತಿ ಒಂದೊಂದು ಎಂಬ ಮಾತನ್ನು ಪಂಡಿತರಿಂದ ತುಂಬ ಕೇಳಿದ್ದೇನೆ. ಕೊಯಮುತ್ತೂರಿನಲ್ಲಿ ಅಮೆರಿಕದ ಸರಕಾರಿ ಹಣದಿಂದ ಅದೂ ಆಯಿತು. ಸಂಧಿವಾತದ 43 ರೋಗಿಗಳು, ಮೂರು ಗುಂಪು: ಒಂದಕ್ಕೆ ಆಯುರ್ವೇದ, ಒಂದಕ್ಕೆ ಮೆಥೊಟ್ರೆಕ್ಸೇಟ್, ಇನ್ನೊಂದಕ್ಕೆ ಎರಡೂ. ವೈದ್ಯರು ರೋಗಿಯನ್ನು ನೋಡಿಯೇ ಮದ್ದು ಬರೆದರು, ಆದರೂ ಯಾರಿಗೆ ನಿಜವಾದ ಮದ್ದು, ಯಾರಿಗೆ ಬರೀ ತೋರಿಕೆಯದು ಎಂದು ರೋಗಿಗಾಗಲಿ ವೈದ್ಯರಿಗಾಗಲಿ ಗೊತ್ತಾಗದಂತೆ ಏರ್ಪಾಟಿತ್ತು. 2011ರಲ್ಲಿ ಬಂದ ಫಲಿತಾಂಶದಲ್ಲಿ ಮೂರೂ ಹೆಚ್ಚುಕಡಿಮೆ ಸಮ. 43 ಜನರ ಮೇಲೆ ಡಂಗುರ ಸಾರುವಂತಿಲ್ಲ. ಪರೀಕ್ಷೆ ಸಾಧ್ಯ ಎಂಬುದಂತೂ ಗೊತ್ತಾಯಿತು.

ಅಜ್ಜಿಯ ಕತೆ ಅರ್ಧಕ್ಕೆ ಬಿಟ್ಟಿದ್ದೆ. ಅವರು ಮನೆಗೆ ಬಂದ ಮೇಲೆ ನನ್ನ ಹಳೆಯ ನೋಟುಪುಸ್ತಕವೊಂದರಲ್ಲಿ ಎಡಕ್ಕೆ ಮಾತ್ರೆ, ಬಲಕ್ಕೆ ಕಷಾಯ, ಚೂರ್ಣ ಎಲ್ಲ ಬರೆದು ಇಬ್ಬರಿಗೂ ತೋರಿಸಿದೆ. ಪಂಡಿತರು ಕನ್ನಡಕ ಏರಿಸಿ ಓದಿ, ಚೂರ್ಣದ ಹೆಸರಿಗೆ ಗೀಟು ಹಾಕಿದರು. ಡಾಕ್ಟ್ರು ಪುಟ ತಿರುಗಿಸಿ, "ಇದನ್ನು ಮೊದಲೇ ಯಾಕೆ ತರಲಿಲ್ಲ?" ಎಂದರು. ಅಜ್ಜಿ ನನ್ನ ಮುಖ ನೋಡಿದರು. ಡಾಕ್ಟ್ರು ಬೈದಿರಲಿಲ್ಲ.