ಅವಳೇ ವಾದಿ

(ಬಿಕರ್ನಕಟ್ಟೆಯ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ಅಂಗಡಿಕಾರರು ಬಹಳ ಮಂದಿ ಇದ್ದೀರಿ. ಸಾಲ ಕೊಟ್ಟ ಸಾಮಾನಿನ ಹಣ ಬಾರದಿದ್ದರೆ ಏನು ಮಾಡಬೇಕೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ವಕೀಲರನ್ನು ಹಿಡಿಯುತ್ತೀರಿ, ದಾವೆ ಹೂಡುತ್ತೀರಿ, ಡಿಕ್ರಿಯಾದರೆ ಅಮೀನನನ್ನು ಕರೆದೊಯ್ದು ಜಪ್ತಿ ಮಾಡಿಸುತ್ತೀರಿ. ಹತ್ತು ಸಾವಿರ ರೂಪಾಯಿ ಬಾಕಿಗೆ ಇಷ್ಟು ದಾರಿ ಉಂಟು. ಒಬ್ಬ ಹೆಣ್ಣುಮಗಳ ಮೇಲೆ ಬಲಾತ್ಕಾರವಾದರೆ ಮಾತ್ರ ಪೊಲೀಸು ಠಾಣೆಯೊಂದೇ ದಾರಿ, ಅದೂ ಆಗದಿದ್ದರೆ ಬಾಯಿ ಮುಚ್ಚಿಕೊಳ್ಳುವುದೇ ದಾರಿ ಎಂದು ಊರು ನಂಬಿಕೊಂಡಿದೆ.

ಪೊಲೀಸು ಖಟ್ಲೆ ಬೇಡವೆಂದು ನಾವು ಹೇಳುತ್ತಿಲ್ಲ, ಅದು ನಡೆಯಲೇಬೇಕು. ಆದರೆ ಅಲ್ಲಿ ಫಿರ್ಯಾದಿ ಪಕ್ಷ ಸರಕಾರ. ನೊಂದವಳು ಕೇವಲ ಸಾಕ್ಷಿ. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು, ಇಲ್ಲವಾದರೆ ಆಪಾದಿತ ಬಿಡುಗಡೆ. ಸಿವಿಲ್ ಕೋರ್ಟಿನಲ್ಲಿ ಅವಳೇ ವಾದಿ. ಅಲ್ಲಿಯ ತೂಕ ನಿಮ್ಮ ಅಂಗಡಿಯ ತಕ್ಕಡಿಯಂಥದು: ಯಾವ ಕಡೆ ಹೆಚ್ಚು ವಾಲಿತೋ ಆ ಕಡೆ ತೀರ್ಪು. ಆಸ್ಪತ್ರೆಯ ಖರ್ಚು, ಹೋದ ಸಂಬಳ, ಅನುಭವಿಸಿದ ನೋವು, ಎಲ್ಲಕ್ಕೂ ನಷ್ಟಪರಿಹಾರ ಕೇಳಬಹುದು. ಕ್ರಿಮಿನಲ್ ಕೋರ್ಟಿನಲ್ಲಿ ಅವನು ಬಿಡುಗಡೆಯಾದ ಮಾತ್ರಕ್ಕೆ ಈ ದಾವೆ ಮುಳುಗುವುದಿಲ್ಲ. ಗಡುವು ಮಾತ್ರ ಉಂಟು, ತಡಮಾಡಬಾರದು. ಬಾಲಕಿಯಾದರೆ ಗಡುವಿನ ಎಣಿಕೆ 18 ತುಂಬಿದ ಮೇಲೆ.

"ಹಾಗಾದರೆ ಮಾನಕ್ಕೆ ಬೆಲೆ ಕಟ್ಟುವುದೇ?" ಎಂದು ಕೇಳುವವರಿದ್ದಾರೆ. ಸ್ವಾಮಿ, ಬೆಲೆ ಕಟ್ಟುವವರು ನಾಲ್ಕು ಜನ ಹಿರಿಯರೆನಿಸಿಕೊಂಡು, ರಾತ್ರಿ ಬಾಗಿಲು ಹಾಕಿ ಕೂತು, ಹುಡುಗಿಯ ತಂದೆಯ ಕೈಗೆ ನೋಟಿನ ಕಟ್ಟು ತುರುಕಿ ರಾಜಿ ಮಾಡಿಸುವವರು. ಆ ಹಣ ಬಾಯಿ ಮುಚ್ಚಿಸುವ ಹಣ. ಕೋರ್ಟು ಕೊಡಿಸುವುದು ತಪ್ಪು ಮಾಡಿದವನು ತೆರಬೇಕಾದ ಬಾಕಿ. ಇಂಥ ರಾಜಿಯನ್ನು ನೋಡಿ ಶಿಕ್ಷೆ ಇಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲೂ 2015ರಲ್ಲೂ ಖಡಾಖಂಡಿತವಾಗಿ ಹೇಳಿದೆ. ರಾಜಿ ಮಾಡಿಸಲು ಹೊರಟ ಹಿರಿಯರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಕೋರ್ಟುಗಳು ಏನು ಮಾಡಿವೆ ನೋಡಿ. ಕೊಹಿಮಾದ ಒಬ್ಬ ಕಾಲೇಜು ಉಪನ್ಯಾಸಕನ ಮೇಲಿನ ಖಟ್ಲೆ ಇನ್ನೂ ಮುಗಿಯದಿರುವಾಗಲೇ, 1995ರ ಡಿಸೆಂಬರಿನಲ್ಲಿ, ನೊಂದ ಯುವತಿಗೆ ತಿಂಗಳಿಗೆ 1,000 ರೂಪಾಯಿ ಮಧ್ಯಂತರ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಹೌರಾ ನಿಲ್ದಾಣದ ಯಾತ್ರಿನಿವಾಸದಲ್ಲಿ ಬಾಂಗ್ಲಾದೇಶದ ಒಬ್ಬ ಹೆಂಗಸಿನ ಮೇಲೆ ಅತ್ಯಾಚಾರವಾಯಿತು. ಮಾಡಿದವರಲ್ಲಿ ರೈಲ್ವೆಯ ನೌಕರರೂ ಇದ್ದರು. ಅದು ಅವರವರ ಅಪರಾಧ, ಆಕೆ ಪರದೇಶದವಳು ಎಂದೆಲ್ಲ ರೈಲ್ವೆ ವಾದಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. 10 ಲಕ್ಷ ರೂಪಾಯಿ ರೈಲ್ವೆಯೇ ಕೊಡಬೇಕಾಯಿತು. ಸರಕಾರದ ನೌಕರನು ಕೆಲಸದ ಬಲದಿಂದ ಇಂಥದ್ದು ಮಾಡಿದರೆ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲು ಇದೇ ಆಧಾರ.

ನಮ್ಮ ರಾಜ್ಯದ್ದೇ ಬೇಕೆ? ವೀರಪ್ಪನ್ ಬೇಟೆಯ ಹೆಸರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಬಡವರನ್ನು, ಹೆಂಗಸರನ್ನೂ ಬಿಡದೆ, ಕಾರ್ಯಪಡೆಯವರು ಹಿಂಸಿಸಿದ ದೂರುಗಳನ್ನು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಕಾಡಿನಂಚಿನ ಜನ ವರ್ಷಾನುಗಟ್ಟಲೆ ಬಾಯಿ ಬಿಟ್ಟು ಹೇಳಿದ್ದರಿಂದ ಇಷ್ಟಾದರೂ ಆಯಿತು.

ಇನ್ನು ದುಡಿಯುವ ಜಾಗದ ಮಾತು. 2013ರ ಕಾಯಿದೆಯ ಪ್ರಕಾರ ಹತ್ತು ಮತ್ತು ಹೆಚ್ಚು ಜನ ದುಡಿಯುವಲ್ಲೆಲ್ಲ ದೂರು ಸಮಿತಿ ಇರಬೇಕು. ಗೇರುಬೀಜದ ಕಾರ್ಖಾನೆಯ ಅಕ್ಕಂದಿರು ನಾಳೆಯೇ ಕೇಳಿ, ಎಲ್ಲಿದೆ ಸಮಿತಿ ಎಂದು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಧಣಿಯ ಮೇಲೆಯೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಒಬ್ಬಳೇ ಹುಡುಗಿಯನ್ನಿಟ್ಟುಕೊಂಡ ಅಂಗಡಿಗೂ ಇದು ಅನ್ವಯ. ಅಂಗಡಿಕಾರ ಮಿತ್ರರು ಬೇಸರ ಮಾಡಬಾರದು. ಬ್ರಾಂಚಿಗೆ ಬೀಡಿ ಒಪ್ಪಿಸಲು ಹೋದವಳೂ, ಮನೆಗೆಲಸದವಳೂ ದೂರು ಕೊಡಬಹುದು. ಗಡುವು ಮೂರು ತಿಂಗಳು. ಕಾರಣವಿದ್ದರೆ ಇನ್ನು ಮೂರು. ರುಜುವಾತಾದರೆ ಅವನ ಸಂಬಳದಿಂದಲೇ ಪರಿಹಾರ ಮುರಿಯಬಹುದು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು.

ಮನೆಯೊಳಗಿನದು ಇನ್ನೂ ಕಷ್ಟ. ವಯಸ್ಕ ಹೆಂಡತಿಯ ಮೇಲೆ ಗಂಡ ಮಾಡುವ ಬಲಾತ್ಕಾರವನ್ನು ನಮ್ಮ ದಂಡಸಂಹಿತೆ ಇಂದಿಗೂ ಅತ್ಯಾಚಾರವೆಂದು ಕರೆಯುವುದಿಲ್ಲ. ಇದು ನಾಚಿಕೆಗೇಡು. ಆದರೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಲೈಂಗಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ರಕ್ಷಣೆಯ ಆಜ್ಞೆ, ವಾಸದ ಹಕ್ಕು, ಪರಿಹಾರ ಎಲ್ಲವನ್ನೂ ಮ್ಯಾಜಿಸ್ಟ್ರೇಟರಲ್ಲಿ ಕೇಳಬಹುದು.

ಖರ್ಚಿಗೆ ಹೆದರಬೇಡಿ. 1987ರ ಕಾಯಿದೆಯಂತೆ ವರಮಾನ ಎಷ್ಟೇ ಇರಲಿ, ಪ್ರತಿ ಹೆಂಗಸಿಗೂ ಉಚಿತ ವಕೀಲರುಂಟು. ಮಂಗಳೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನು ಮಾಡಿ. ಅಪರಾಧಿ ಯಾರೆಂದು ಪತ್ತೆಯೇ ಆಗದಿದ್ದರೂ ಸರಕಾರದ ನಿಧಿಯಿಂದ ಪರಿಹಾರ ಕೇಳುವ ಅರ್ಜಿಯೂ ಅಲ್ಲಿಗೇ. ರಾಷ್ಟ್ರೀಯ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ ಎಂದಿದೆ. ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಕೊಡಲೇಬೇಕು.

ಸಿವಿಲ್ ದಾವೆ ಬೇಗ ಮುಗಿಯುತ್ತದೆಂದು ನಾವು ಹೇಳಲಾರೆವು. ಅಂಗಡಿ ಬಾಕಿಯ ದಾವೆಯೇ ಎಷ್ಟು ವರ್ಷ ಎಳೆಯುತ್ತದೆಂದು ನಿಮಗೆ ಗೊತ್ತು. ಅದಕ್ಕೇ ಕಾಗದಪತ್ರ ಜೋಪಾನ. ಡಾಕ್ಟರ ಚೀಟಿ, ಔಷಧದ ಬಿಲ್ಲು, ಸಂಬಳದ ಚೀಟಿ, ಕೆಲಸ ತಪ್ಪಿದ ದಿನಗಳ ಲೆಕ್ಕ, ಮೊಬೈಲಿಗೆ ಬಂದ ಸಂದೇಶ, ಯಾವುದನ್ನೂ ಎಸೆಯಬೇಡಿ. ನೆರೆಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅವಳ ಹೆಸರನ್ನು ಬೀದಿಯಲ್ಲಿ ಎತ್ತದಿರುವುದು, ಮತ್ತು ಕಚೇರಿಗೆ ಹೋಗುವ ದಿನ ಅವಳ ಜೊತೆಗೆ ಒಬ್ಬರು ಹೋಗುವುದು.